ಎಣ್ಣೆಗೂ ಒಂದು ಎಣ್ಣೆ: ತಟ್ಟೆಯಿಂದ ಲೋಟಕ್ಕೆ ಜಿಗಿದ ಶೇಂಗಾ

ಕನ್ನಡದ ಆಡುಮಾತಿನಲ್ಲಿ ‘ಎಣ್ಣೆ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ಗಾಣದಿಂದ ಬರುವುದು, ಇನ್ನೊಂದು ಬಾಟಲಿಯಿಂದ ಬರುವುದು. ಮೊದಲನೆಯದು ಅಡುಗೆಮನೆಯ ಒಗ್ಗರಣೆಗೆ, ಎರಡನೆಯದು ಗುಂಡುಪ್ರಿಯರ ಸಂಜೆಗೆ. ಇವೆರಡೂ ಒಂದೇ ಪಾತ್ರೆಯಲ್ಲಿ ಕೂಡುವ ಕಾಲ ಬಂದೀತೆಂದು ನಮ್ಮ ಹಿಂದಿನ ಎಣ್ಣೆ ಗಿರಣಿಯವರಾಗಲೀ ಮದ್ಯದಂಗಡಿಯವರಾಗಲೀ ಎಣಿಸಿರಲಿಕ್ಕಿಲ್ಲ. ಆದರೆ ಬಂದಿದೆ. ವಿಸ್ಕಿಗೆ ಶೇಂಗಾ ಎಣ್ಣೆ ಬೆರೆಸಿ, ತಂಪಿನಲ್ಲಿಟ್ಟು ಎಣ್ಣೆಯನ್ನು ಗಟ್ಟಿಯಾಗಿಸಿ, ಅದನ್ನು ತೆಗೆದು ಹಾಕಿ ಘಮವನ್ನಷ್ಟೇ ಉಳಿಸಿಕೊಳ್ಳುವ ವಿದ್ಯೆ ದೊಡ್ಡ ಊರುಗಳ ಬಾರುಗಳಲ್ಲಿ ಇಂದು ಹೊಸದೇನಲ್ಲ.

ದಾವಣಗೆರೆಯ ಆನೆಕೊಂಡದಿಂದ ಹಿಡಿದು ತುಂಗಭದ್ರೆಯ ದಂಡೆಯ ಹರಿಹರದವರೆಗೆ ಶೇಂಗಾಕ್ಕೂ ಮದ್ಯಕ್ಕೂ ಇರುವ ನಂಟು ಎಲ್ಲರೂ ಬಲ್ಲದ್ದೇ. ಅದು ತಟ್ಟೆಯ ನಂಟು. ಲೋಟ ಬರುವ ಮುನ್ನವೇ ಹುರಿದ ಶೇಂಗಾ, ಖಾರ ಮಂಡಕ್ಕಿ, ಹೆಚ್ಚಿದ ಈರುಳ್ಳಿ ಮೇಜಿಗೆ ಬರುತ್ತವೆ. ನಂಜಿಕೊಳ್ಳಲು ಕೊಡುವ ಈ ಉಪಚಾರದಲ್ಲಿ ವ್ಯಾಪಾರದ ಜಾಣ್ಮೆಯೂ ಉಂಟು. ಉಪ್ಪು ನಾಲಿಗೆಗೆ ತಾಗಿದರೆ ಬಾಯಾರುತ್ತದೆ, ಬಾಯಾರಿದರೆ ಲೋಟ ಬೇಗ ಖಾಲಿಯಾಗುತ್ತದೆ. ಹೀಗೆ ತಟ್ಟೆಯಲ್ಲಿ ಕುಳಿತಿದ್ದ ಶೇಂಗಾ ಲೋಟದೊಳಕ್ಕೆ ಹೇಗೆ ಜಿಗಿಯಿತು? ಅದಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧ? ಈ ವಾರ ಅದನ್ನಿಷ್ಟು ನೋಡೋಣ.

ನಾಲ್ಕೇ ಸಾಮಗ್ರಿ

ಶೇಂಗಾ ಹೊಕ್ಕಿರುವ ಪಾನೀಯದ ಹೆಸರು ‘ಓಲ್ಡ್ ಫ್ಯಾಷನ್ಡ್’. ಹಳೆಯ ಕಾಲದ್ದು ಎಂದು ಅರ್ಥ. ವಿಸ್ಕಿಯಿಂದ ಮಾಡುವ ಕಾಕ್‌ಟೇಲ್‌ಗಳಲ್ಲಿ ಇದು ಹಿರಿಯಣ್ಣ. 1806ರ ಮೇ 13ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು ಓದುಗನೊಬ್ಬನ ಪ್ರಶ್ನೆಗೆ ಉತ್ತರವಾಗಿ ‘ಕಾಕ್‌ಟೇಲ್’ ಎಂದರೇನೆಂದು ವಿವರಿಸಿತು. ಯಾವುದಾದರೂ ಒಂದು ಮದ್ಯ, ಸಕ್ಕರೆ, ನೀರು ಮತ್ತು ಕಹಿ ರಸ, ಈ ನಾಲ್ಕು ಸೇರಿದ್ದು ಕಾಕ್‌ಟೇಲ್ ಎಂಬುದು ಅದರ ಉತ್ತರದ ಸಾರ.

ಮುಂದೆ ಬಗೆಬಗೆಯ ಸಿಹಿಮದ್ಯಗಳು, ಹಣ್ಣಿನ ರಸಗಳು ಬಂದು ಲೋಟದಲ್ಲಿ ಸಂತೆಯೇ ನೆರೆಯಿತು. ಆಗ ಕೆಲವರು ‘ನಮಗೆ ಹಳೆಯ ಕಾಲದ ಹಾಗೆ ಮಾಡಿಕೊಡಿ’ ಎಂದು ಕೇಳತೊಡಗಿದರು. ಆ ಬೇಡಿಕೆಯೇ ಹೆಸರಾಗಿ ನಿಂತಿತು. ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಪೆಂಡೆನ್ನಿಸ್ ಕ್ಲಬ್ಬಿನಲ್ಲಿ ಇದು ಹುಟ್ಟಿತೆಂಬ ಕಥೆಯೊಂದು ಪ್ರಚಾರದಲ್ಲಿದೆ. ಆದರೆ ಆ ಕ್ಲಬ್ ಸ್ಥಾಪನೆಯಾದದ್ದು 1881ರಲ್ಲಿ. 1880ರಲ್ಲೇ ಶಿಕಾಗೋದ ಪತ್ರಿಕೆಯಲ್ಲಿ ಈ ಹೆಸರು ಅಚ್ಚಾಗಿತ್ತು. ಮಗುವಿಗಿಂತ ತೊಟ್ಟಿಲು ಕಿರಿದಾದಂತಾಯಿತು.

ಈ ಪಟ್ಟಿಯಲ್ಲಿ ನಮಗೆ ವಿಚಿತ್ರವೆನಿಸುವುದು ಕಹಿ ರಸ. ಜೆನ್ಷಿಯನ್ ಮೊದಲಾದ ಗಿಡಗಳ ಬೇರು, ತೊಗಟೆ, ಮಸಾಲೆಗಳನ್ನು ಮದ್ಯಸಾರದಲ್ಲಿ ನೆನೆಸಿ ತೆಗೆದ ಕಷಾಯವಿದು. ಹೆಸರಾಂತ ‘ಅಂಗೋಸ್ಟುರಾ’ ಕಹಿಯನ್ನು ವೆನಿಜುವೆಲಾದ ಅಂಗೋಸ್ಟುರಾ ಪಟ್ಟಣದಲ್ಲಿ 1824ರಲ್ಲಿ ತಯಾರಿಸಿದವನು ಜರ್ಮನಿಯ ವೈದ್ಯ ಯೋಹಾನ್ ಸೀಗರ್ಟ್. ಆತ ಸೈಮನ್ ಬೊಲಿವಾರನ ಸೈನ್ಯದ ವೈದ್ಯನಾಗಿದ್ದ. ಸೈನಿಕರ ಹೊಟ್ಟೆನೋವಿಗೆಂದು ಮಾಡಿದ್ದು ಕಾಲಾಂತರದಲ್ಲಿ ಬಾರಿನ ಕಪಾಟು ಸೇರಿತು. ನಮ್ಮ ಅಜ್ಜಿಯರ ನೆಲಬೇವಿನ ಕಷಾಯ ಇನ್ನೂ ಅಡುಗೆಮನೆ ದಾಟಿಲ್ಲ, ಅಷ್ಟೇ ವ್ಯತ್ಯಾಸ.

ಮೈಸೂರಿನಲ್ಲಿ ಸಿಕ್ಕ ಓಲೆಗರಿ

ಸಿಹಿ, ಕಹಿ, ಮಸಾಲೆ ಮೂರನ್ನೂ ಮದ್ಯಕ್ಕೆ ಕೂಡಿಸುವ ಯೋಚನೆ ನಮ್ಮ ದೇಶಕ್ಕೆ ಹೊರಗಿನದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಆತ ಅಬಕಾರಿ ಆಯುಕ್ತ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಬಗೆಗಳನ್ನು ಅಲ್ಲಿ ಹೆಸರಿಸಿದೆ. ಇವುಗಳಲ್ಲಿ ಮೈರೇಯಕ್ಕೆ ಬೇಕಾದದ್ದು ಮೇಷಶೃಂಗಿಯ ತೊಗಟೆಯ ಕಷಾಯ, ಬೆಲ್ಲ, ಹಿಪ್ಪಲಿ ಮತ್ತು ಮೆಣಸು. ಬೇಕೆನಿಸಿದರೆ ತ್ರಿಫಲೆ. ಕಹಿಗೆ ತೊಗಟೆ, ಸಿಹಿಗೆ ಬೆಲ್ಲ, ಖಾರಕ್ಕೆ ಮೆಣಸು!

ಈ ಗ್ರಂಥದ ಓಲೆಪ್ರತಿಯನ್ನು ಗುರುತಿಸಿ ಲೋಕಕ್ಕೆ ತೋರಿಸಿದವರು ಮೈಸೂರು ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಅದು 1905ರಲ್ಲಿ. ಮೂಲ 1909ರಲ್ಲಿ ಅಚ್ಚಾಯಿತು, ಅವರ ಇಂಗ್ಲಿಷ್ ಅನುವಾದ 1915ರಲ್ಲಿ ಬಂತು. ಹನ್ನೆರಡನೆಯ ಶತಮಾನಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅನ್ನಪಾನಗಳ ವಿಸ್ತಾರವಾದ ವರ್ಣನೆ ಸಿಗುತ್ತದೆ. ಆನೆಕೊಂಡದ ಹಳೆಯ ಈಶ್ವರ ಗುಡಿ ಅದೇ ಚಾಲುಕ್ಯ ಶೈಲಿಯದು. ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಇದ್ದನೆಂಬುದನ್ನು ಮರೆಯುವಂತಿಲ್ಲ. ಅರಸನ ಪಾನಗೋಷ್ಠಿಯೂ ಬಡವನ ಹೆಂಡದಂಗಡಿಯೂ ಈ ನೆಲದಲ್ಲಿ ಜೊತೆಯಾಗಿಯೇ ಇದ್ದವು.

ಹಾಗೆಂದು ಕಾಕ್‌ಟೇಲ್ ನಮ್ಮಲ್ಲೇ ಹುಟ್ಟಿತೆಂದು ಎದೆ ತಟ್ಟಿಕೊಳ್ಳಬೇಕಾಗಿಲ್ಲ. ಮೈರೇಯದಲ್ಲಿ ಎಲ್ಲವೂ ಒಟ್ಟಿಗೆ ಕೂಡಿ ಹುಳಿಯುತ್ತವೆ. ಕಾಕ್‌ಟೇಲ್‌ನಲ್ಲಿ ಭಟ್ಟಿ ಇಳಿಸಿದ ಮದ್ಯಕ್ಕೆ ಕುಡಿಯುವ ಹೊತ್ತಿಗೆ ಉಳಿದವನ್ನು ಸೇರಿಸುತ್ತಾರೆ. ದಾರಿ ಬೇರೆ, ನಾಲಿಗೆಯ ಆಸೆ ಮಾತ್ರ ಒಂದೇ.

ಆ ಘಮ ಎಲ್ಲಿಂದ ಬರುತ್ತದೆ?

ವಿಸ್ಕಿಯ ರುಚಿಯನ್ನು ಬಲ್ಲವರು ಅದರಲ್ಲಿ ಬಾದಾಮಿ, ಅಕ್ರೋಟು, ಹುರಿದ ಶೇಂಗಾದ ವಾಸನೆ ಇದೆ ಎನ್ನುವುದುಂಟು. ಇದು ಬರಿಯ ಕವಿಕಲ್ಪನೆ ಅಲ್ಲ. ಹಸಿ ಶೇಂಗಾ ಅಗಿದರೆ ಹಸಿ ಅವರೆಯ ಹಾಗೆ ವಗರು. ಬಾಣಲೆಗೆ ಬಿದ್ದ ಮೇಲೆಯೇ ಬೀದಿಗೆಲ್ಲ ಘಮ. ಕಾಳಿನೊಳಗಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಗೆ ಕೂಡಿದಾಗ ಪೈರಜೀನ್ ಎಂಬ ಗುಂಪಿನ ರಾಸಾಯನಿಕಗಳು ಹುಟ್ಟುತ್ತವೆ. ಈ ಕ್ರಿಯೆಯನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ದೋಸೆಯ ಕೆಂಪು ಅಂಚು, ಕಾಫಿಬೀಜದ ಪರಿಮಳ, ದಾವಣಗೆರೆಯ ಬೆಣ್ಣೆ ದೋಸೆ ಮೂಗಿಗೆ ಬಡಿಯುವ ಬಗೆ, ಎಲ್ಲದರ ಹಿಂದೆಯೂ ಇದೇ ಕ್ರಿಯೆ ಇದೆ.

ವಿಸ್ಕಿಯ ಬಾರ್ಲಿಯನ್ನು ಮೊಳಕೆ ಬರಿಸಿ ಬಿಸಿಗಾಳಿಯಲ್ಲಿ ಒಣಗಿಸುವಾಗಲೂ ಇಂಥವೇ ವಸ್ತುಗಳು ಹುಟ್ಟುತ್ತವೆ. ಆಮೇಲೆ ಮದ್ಯವನ್ನು ತುಂಬಿಡುವುದು ಒಳಗೋಡೆಯನ್ನು ಬೆಂಕಿಯಲ್ಲಿ ಕಾಯಿಸಿದ ಓಕ್ ಮರದ ಪೀಪಾಯಿಗಳಲ್ಲಿ. ಕಾದ ಮರದಿಂದ ವೆನಿಲ್ಲಾ ಮತ್ತು ಕೊಬ್ಬರಿಯಂಥ ವಾಸನೆ ಇಳಿಯುತ್ತದೆ. ಆದ್ದರಿಂದ ಹುರಿದ ಶೇಂಗಾ ವಿಸ್ಕಿಗೆ ಅಪರಿಚಿತ ಅತಿಥಿಯಲ್ಲ, ದೂರದ ನೆಂಟ. ಬಿಳಿಯ ವೋಡ್ಕಾಕ್ಕೆ ಶೇಂಗಾ ಸೇರಿಸಿದರೆ ಅದು ಪ್ರತ್ಯೇಕವಾಗಿ ನಿಂತುಬಿಡುತ್ತದೆ. ವಿಸ್ಕಿಯಲ್ಲಾದರೆ ಹೊಂದಿಕೊಳ್ಳುತ್ತದೆ.

ಎಣ್ಣೆಸ್ನಾನದ ವಿಧಾನ

ವಿಸ್ಕಿಗೆ ಬೀಜಗಳ ರುಚಿ ಕೂಡಿಸಲು ಹಲವು ದಾರಿಗಳಿವೆ. ಸಕ್ಕರೆ ಪಾಕದ ಬದಲು ಬಾದಾಮಿ ಪಾಕ ಹಾಕುವುದು ಒಂದು. ‘ಆರ್ಜಾ’ ಎಂಬ ಈ ಪಾಕದ ಹೆಸರಿನ ಮೂಲ ಬಾರ್ಲಿಯ ಫ್ರೆಂಚ್ ಹೆಸರು. ಮೊದಲು ಬಾರ್ಲಿ ನೀರಾಗಿದ್ದದ್ದು ಬರಬರುತ್ತ ಬಾದಾಮಿ ಹಾಲಾಯಿತು. ಎಳೆಯ ಅಕ್ರೋಟು ಕಾಯಿಯನ್ನು ಮದ್ಯಸಾರದಲ್ಲಿ ನೆನೆಸಿದ ಇಟಲಿಯ ‘ನೊಚಿನೊ’ವನ್ನು ಒಂದು ಚಮಚ ಬೆರೆಸುವುದು ಮತ್ತೊಂದು. ಅಕ್ರೋಟಿನ ಕಹಿ ರಸದ ನಾಲ್ಕು ಹನಿ ಹಾಕುವುದು ಎಲ್ಲಕ್ಕಿಂತ ಸುಲಭ.

ಸ್ವಾರಸ್ಯಕರವಾದದ್ದು ಎಣ್ಣೆಸ್ನಾನ. 2007ರಲ್ಲಿ ನ್ಯೂಯಾರ್ಕಿನ ಪಿಡಿಟಿ ಎಂಬ ಬಾರಿನಲ್ಲಿ ಡಾನ್ ಲೀ ಎಂಬಾತ ಹಂದಿಯ ಕೊಬ್ಬಿನಿಂದ ವಿಸ್ಕಿಯನ್ನು ‘ತೊಳೆದು’ ಓಲ್ಡ್ ಫ್ಯಾಷನ್ಡ್ ಮಾಡಿದ. ಅದು ಹೆಸರಾಗಿ, ಬೆಣ್ಣೆ, ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆಗಳೂ ಹಿಂಬಾಲಿಸಿದವು. ಹಿಂದಿನ ವಿಜ್ಞಾನ ಸರಳ. ಘಮ ನೀಡುವ ವಸ್ತುಗಳಲ್ಲಿ ಬಹಳಷ್ಟು ಕೊಬ್ಬಿನಲ್ಲಿಯೂ ಕರಗುತ್ತವೆ, ಮದ್ಯಸಾರದಲ್ಲಿಯೂ ಕರಗುತ್ತವೆ. ಕೊಬ್ಬು ಮಾತ್ರ ವಿಸ್ಕಿಯಲ್ಲಿ ಕರಗದೆ ತೇಲುತ್ತದೆ.

750 ಮಿಲಿ ವಿಸ್ಕಿಗೆ 60ರಿಂದ 90 ಮಿಲಿ ಶೇಂಗಾ ಎಣ್ಣೆ ಸೇರಿಸಿ ಚೆನ್ನಾಗಿ ಕುಲುಕಿ ನಾಲ್ಕೈದು ಗಂಟೆ ಬಿಡುತ್ತಾರೆ. ಬಳಿಕ ಇಡೀ ರಾತ್ರಿ ಫ್ರೀಜರಿನಲ್ಲಿಡುತ್ತಾರೆ. ಎಣ್ಣೆ ಮೇಲೆ ಕೆನೆಗಟ್ಟಿ ಗಟ್ಟಿಯಾಗುತ್ತದೆ. ಶೇಕಡಾ 40ರಷ್ಟು ಮದ್ಯಸಾರವುಳ್ಳ ವಿಸ್ಕಿ ಹೆಪ್ಪುಗಟ್ಟಲು ಸೊನ್ನೆಗಿಂತ 27 ಡಿಗ್ರಿಯಷ್ಟು ಕೆಳಗಿನ ಚಳಿ ಬೇಕು. ಮನೆಯ ಫ್ರೀಜರಿನಲ್ಲಿ ಅಷ್ಟು ಚಳಿ ಇಲ್ಲವಾದ್ದರಿಂದ ಅದು ದ್ರವವಾಗಿಯೇ ಉಳಿಯುತ್ತದೆ. ಗಟ್ಟಿ ಎಣ್ಣೆಯನ್ನು ತೆಗೆದು, ಉಳಿದದ್ದನ್ನು ತೆಳುಬಟ್ಟೆಯಲ್ಲೂ ಸೋಸುಕಾಗದದಲ್ಲೂ ಸೋಸಿದರೆ ಕೆಲಸ ಮುಗಿಯಿತು. ಆಮೇಲೆ ಲೋಟಕ್ಕೆ 60 ಮಿಲಿ ವಿಸ್ಕಿ, ಒಂದು ಚಮಚ ಬೆಲ್ಲದ ಪಾಕ, ಎರಡು ಮೂರು ಹನಿ ಕಹಿ, ದೊಡ್ಡ ಮಂಜುಗಡ್ಡೆ, ಮೇಲೊಂದು ಕಿತ್ತಳೆ ಸಿಪ್ಪೆ.

ಒಂದು ಸೂಕ್ಷ್ಮವಿದೆ. ರಿಫೈನ್ಡ್ ಎಣ್ಣೆಯಿಂದ ಈ ಕೆಲಸ ಆಗದು, ಏಕೆಂದರೆ ಶುದ್ಧೀಕರಣದಲ್ಲಿ ಅದರ ವಾಸನೆಯನ್ನೇ ತೆಗೆದುಬಿಟ್ಟಿರುತ್ತಾರೆ. ಗಾಣದ ಎಣ್ಣೆಯೇ ಬೇಕು. ಊರೂರಿನ ಗಾಣಗಳು ನಿಂತುಹೋಗಿ, ಈಗ ‘ಮರದ ಗಾಣದ ಎಣ್ಣೆ’ ಎಂದು ಹೆಚ್ಚಿನ ಬೆಲೆಗೆ ಮತ್ತೆ ಬಂದಿರುವ ಕಾಲದಲ್ಲಿ ಇದೊಂದು ಮೋಜಿನ ಸಂಗತಿ.

ಮೂರೂ ನಮ್ಮ ಹೊಲದವು

ಈ ಅಮೆರಿಕನ್ ಪಾನೀಯದ ಸಾಮಗ್ರಿಗಳನ್ನು ಒಮ್ಮೆ ಎಣಿಸಿ ನೋಡಿ. ಓಲ್ಡ್ ಫ್ಯಾಷನ್ಡ್‌ಗೆ ವಾಡಿಕೆಯಾಗಿ ಬಳಸುವ ಬರ್ಬನ್ ವಿಸ್ಕಿಯಲ್ಲಿ ಧಾನ್ಯದ ಪಾಲು ಕನಿಷ್ಠ ಶೇ 51 ಮೆಕ್ಕೆಜೋಳವಿರಬೇಕೆಂಬುದು ಅಲ್ಲಿಯ ಕಾನೂನು. ಮೆಕ್ಕೆಜೋಳ ದಾವಣಗೆರೆ ಸೀಮೆಯ ಮಳೆಯಾಶ್ರಿತ ಹೊಲಗಳ ಮುಖ್ಯ ಬೆಳೆ. ಶೇಂಗಾ ಜಗಳೂರಿನ ಕೆಂಪು ನೆಲದ್ದು, ಪಕ್ಕದ ಚಳ್ಳಕೆರೆಗಂತೂ ಎಣ್ಣೆ ನಗರಿ ಎಂಬ ಬಿರುದೇ ಇದೆ. ಸಿಹಿಗೆ ಬೇಕಾದ ಕಬ್ಬು ಭದ್ರಾ ನಾಲೆಯ ನೀರಿನದು. ಸಾವಿರಾರು ಮೈಲಿ ಆಚೆಯ ಲೋಟದಲ್ಲಿರುವುದು ನಮ್ಮ ಎಪಿಎಂಸಿ ಅಂಗಳದ ಮಾಲೇ.

ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ, ಮೆಕ್ಕೆಜೋಳ ಮತ್ತು ಶೇಂಗಾ ಎರಡರ ತವರೂ ಅಮೆರಿಕ ಖಂಡಗಳೇ. ಕೊಲಂಬಸ್ಸನ ನಂತರದ ಸಮುದ್ರ ವ್ಯಾಪಾರದಲ್ಲಿ ಅವು ಇತ್ತ ಬಂದವು. ಶೇಂಗಾ ಎಂಬ ಹೆಸರು ಮರಾಠಿಯ ‘ಶೇಂಗ್’ನಿಂದ ಬಂದದ್ದು, ಕಾಯಿ ಎಂದರ್ಥ. ಹಳೇ ಮೈಸೂರಿನವರು ಅದನ್ನು ಕಡಲೆಕಾಯಿ ಎಂದು ಕರೆದು ಬಸವನಗುಡಿಯಲ್ಲಿ ಪರಿಷೆಯನ್ನೇ ನಡೆಸುತ್ತಾರೆ. ದಾವಣಗೆರೆ ಎರಡು ಸೀಮೆಗಳ ನಡುವಿನ ಊರು. ಹೈದರಾಲಿ ಇದನ್ನು ಅಪ್ಪಾಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ವರ್ತಕರನ್ನು ಕರೆಸಿ ನೆಲೆಗೊಳಿಸಿದ ಮೇಲೆ ಪೇಟೆ ಬೆಳೆಯಿತು. ಇಲ್ಲಿಯ ಮಾತಿನಲ್ಲಿ ಮರಾಠಿಯ ಪದ ಬೇರೂರಿದ್ದರೆ ಅಚ್ಚರಿಯೇನಿಲ್ಲ.

‘ಭಟ್ಟಿ’ ಎಂಬ ಪದದ ಕಥೆಯೂ ಹೀಗೇ. ಬೇರೆಡೆ ಭಟ್ಟಿ ಎಂದರೆ ಸಾರಾಯಿ ಇಳಿಸುವ ಒಲೆ ನೆನಪಾಗುತ್ತದೆ. ದಾವಣಗೆರೆಯಲ್ಲಿ ಭಟ್ಟಿ ಎಂದರೆ ಮಂಡಕ್ಕಿ ಭಟ್ಟಿ. ಮರಳಿನ ಕಾವಿಗೆ ಅಕ್ಕಿ ಅರಳುವ ಜಾಗ, ಹೊಗೆಯಲ್ಲಿ ಮೈಮುರಿದು ದುಡಿಯುವ ನೂರಾರು ಕುಟುಂಬಗಳ ಅನ್ನ.

ವಿಸ್ಕಿ ಎಂದರೆ ಯಾವುದು?

ಹಾಗಾದರೆ ನಮ್ಮ ಮೆಕ್ಕೆಜೋಳಕ್ಕೆ ಆ ಗೌರವ ಏಕಿಲ್ಲ? ಅದು ಕೋಳಿಯ ಆಹಾರವಾಗಿ, ಪಿಷ್ಟವಾಗಿ, ಈಚಿನ ವರ್ಷಗಳಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲ್ ಆಗಿ ಹೆಸರಿಲ್ಲದೆ ಹೊರಡುತ್ತದೆ. 1964ರಲ್ಲಿ ಅಮೆರಿಕದ ಸಂಸತ್ತು ಬರ್ಬನ್ ತಮ್ಮ ದೇಶದ ವಿಶಿಷ್ಟ ಉತ್ಪನ್ನವೆಂದು ನಿರ್ಣಯ ಮಾಡಿತು. ಅಲ್ಲಿಯ ಮೆಕ್ಕೆಜೋಳಕ್ಕೆ ಒಂದು ವಿಳಾಸ ಸಿಕ್ಕಿತು.

ನಮ್ಮಲ್ಲಿ ವಿಸ್ಕಿ ಎಂದು ಮಾರುವುದರಲ್ಲಿ ಬಹುಪಾಲಿಗೆ ಆಧಾರ ಕಾಕಂಬಿಯ ಮದ್ಯಸಾರ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಐರೋಪ್ಯ ದೇಶಗಳ ಕಾನೂನಿನಂತೆ ವಿಸ್ಕಿ ಧಾನ್ಯದಿಂದಲೇ ಆಗಬೇಕು, ಮೂರು ವರ್ಷವಾದರೂ ಮರದ ಪೀಪಾಯಿಯಲ್ಲಿರಬೇಕು. ಆ ಲೆಕ್ಕದಲ್ಲಿ ನಮ್ಮ ಅನೇಕ ‘ವಿಸ್ಕಿ’ಗಳು ರಮ್ಮಿನ ಕುಲದವು.

ಇದಕ್ಕೆ ಅಪವಾದವಾಗಿ ನಿಂತದ್ದು ಬೆಂಗಳೂರಿನದೇ ಸಂಸ್ಥೆ. 1948ರಲ್ಲಿ ರಾಧಾಕೃಷ್ಣ ಜಗದಾಳೆ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ಬಾರ್ಲಿಯಿಂದಲೇ ಮಾಡಿದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ, ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ ಬಿಡುಗಡೆ ಮಾಡಿತು. ಅಗಸನಿಗೆ ಬಟ್ಟೆ ಒಗೆಯುವುದನ್ನು ಕಲಿಸಲು ಹೋದಂತೆ ಎಂದು ನಕ್ಕವರಿಗೆ 2010ರ ಆವೃತ್ತಿಯ ‘ವಿಸ್ಕಿ ಬೈಬಲ್’ ಉತ್ತರ ಕೊಟ್ಟಿತು. ಅದರ ಕರ್ತೃ ಜಿಮ್ ಮುರ್ರೆ ‘ಅಮೃತ್ ಫ್ಯೂಷನ್’ ಅನ್ನು ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎಂದು ಹೆಸರಿಸಿದರು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾದರೆ ಬೆಂಗಳೂರಿನ ಹವೆಯಲ್ಲಿ ಶೇ 10ಕ್ಕೂ ಹೆಚ್ಚು ಆರಿಹೋಗುತ್ತದೆ. ನಷ್ಟ ಹೆಚ್ಚು. ಆದರೆ ಮರದ ಘಮ ಬೇಗ ಇಳಿಯುತ್ತದೆ.

ಗೋವಾದವರು ತಮ್ಮ ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದರು. ಕರ್ನಾಟಕದ ಸಾರಾಯಿಯ ಕಥೆ ಬೇರೆ. 2007ರ ಜುಲೈ 1ರಿಂದ ಅದರ ಮಾರಾಟವೇ ನಿಂತಿತು. ನ್ಯೂಯಾರ್ಕಿನಲ್ಲಿ ವಿಸ್ಕಿಗೆ ಕೊಬ್ಬಿನ ಸ್ನಾನ ಆಗುತ್ತಿದ್ದ ವರ್ಷವೇ ಇಲ್ಲಿಯ ಕೂಲಿಕಾರರ ಪ್ಯಾಕೆಟ್ ಕಾಣೆಯಾಯಿತು. ಹೆಂಗಸರು ಬಹಳ ದಿನಗಳಿಂದ ಕೇಳಿದ್ದು ಅದನ್ನೇ. ಆದರೆ ಕುಡಿತ ನಿಲ್ಲಲಿಲ್ಲ. ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣ ಬಂತು, ಮನೆಯ ಖರ್ಚು ಏರಿತು.

ಘಮದ ಹಿಂದಿನ ಅಪಾಯ

ಲೋಟದ ಶೇಂಗಾ ಕೆಲವರಿಗೆ ಪ್ರಾಣಕ್ಕೇ ಎರವಾದೀತು. ಶೇಂಗಾ ಅಲರ್ಜಿ ಇರುವವರಿಗೆ ಅದರ ಪ್ರೋಟೀನಿನ ಅಣುಮಾತ್ರವೂ ಉಸಿರು ಕಟ್ಟಿಸಬಲ್ಲದು. ವಾಸನೆ ತೆಗೆದ ರಿಫೈನ್ಡ್ ಎಣ್ಣೆಯಲ್ಲಿ ಈ ಪ್ರೋಟೀನು ಬಹುತೇಕ ಉಳಿದಿರುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಎಂದರೆ ಘಮವಿರುವ ಎಣ್ಣೆಯಲ್ಲೇ ಅಪಾಯವೂ ಇದೆ. ತಟ್ಟೆಯ ಶೇಂಗಾ ಕಣ್ಣಿಗೆ ಕಾಣುತ್ತದೆ, ಲೋಟದ್ದು ಕಾಣುವುದಿಲ್ಲ. ಆದ್ದರಿಂದ ಬಡಿಸುವವನು ಬಾಯಿಬಿಟ್ಟು ಹೇಳಲೇಬೇಕು.

ಎರಡನೆಯದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದಿದ್ದ ಶೇಂಗಾ ಹಿಂಡಿಯಲ್ಲಿ ಶಿಲೀಂಧ್ರದ ವಿಷ ಪತ್ತೆಯಾಯಿತು. ಅದೇ ಅಫ್ಲಟಾಕ್ಸಿನ್. ಮಳೆಗೆ ಸಿಕ್ಕ, ಸರಿಯಾಗಿ ಒಣಗದ ಕಾಯಿಯಲ್ಲಿ ಇದು ಬೆಳೆಯುತ್ತದೆ. ಅದು ಹಾಳುಮಾಡುವುದು ಯಕೃತ್ತನ್ನು. ಮದ್ಯವೂ ಹಾಳುಮಾಡುವುದು ಅದನ್ನೇ. ಮುಗ್ಗಿದ, ಕಹಿಯಾದ ಶೇಂಗಾವನ್ನು ‘ಹೇಗೂ ವಿಸ್ಕಿಯಲ್ಲಿ ನೆನೆಸುವುದು ತಾನೆ’ ಎಂದು ಬಳಸಬಾರದು.

ನಮ್ಮ ಜಿಲ್ಲೆಯ ಚನ್ನಗಿರಿ ಸೀಮೆ ಅಡಿಕೆಗೆ ಹೆಸರಾದದ್ದು. ಹೊಸತನದ ಹುಚ್ಚಿನಲ್ಲಿ ಅಡಿಕೆಯನ್ನೂ ಲೋಟಕ್ಕೆ ಹಾಕಿದರೇನು ಎಂದು ಯಾರಿಗಾದರೂ ಹೊಳೆಯಬಹುದು. ಬೇಡ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು 1988ರಲ್ಲಿ, ಅಡಿಕೆಯನ್ನು 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅವೆರಡಕ್ಕೆ ತಂಬಾಕೂ ಜೊತೆಯಾದರೆ ಬಾಯಿ ಹುಣ್ಣಿನಿಂದ ಶುರುವಾಗುವ ಸಂಕಟ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ಮದ್ಯ ಇಷ್ಟು ಕುಡಿದರೆ ಸುರಕ್ಷಿತ ಎಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಕಾನೂನಿನ ಮಾತೂ ಉಂಟು. ಕೊಂಡು ತಂದ ಬಾಟಲಿಗೆ ಮನೆಯಲ್ಲಿ ರುಚಿ ಕೂಡಿಸಿಕೊಳ್ಳುವುದು ಬೇರೆ, ಅದನ್ನು ತುಂಬಿ ಮಾರುವುದು ಬೇರೆ. ಮಾರಾಟಕ್ಕೆ ಅಬಕಾರಿ ಪರವಾನಗಿ ಬೇಕು. ಭಟ್ಟಿ ಇಳಿಸುವ ಸಾಹಸವಂತೂ ಅಪರಾಧ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಗೆ 300ಕ್ಕೂ ಹೆಚ್ಚು ಜನ ಬಲಿಯಾದದ್ದು ಮರೆಯುವ ಸಂಗತಿಯಲ್ಲ.

ತಟ್ಟೆಯಲ್ಲಿ ಉಳಿದದ್ದು

ಇಷ್ಟೆಲ್ಲ ತಿಳಿದ ಮೇಲೆ ತಟ್ಟೆಯ ಶೇಂಗಾಕ್ಕೂ ಲೋಟದ ಶೇಂಗಾಕ್ಕೂ ಇರುವ ಮುಖ್ಯ ಅಂತರವೊಂದು ಹೊಳೆಯುತ್ತದೆ. ತಿಂದ ಶೇಂಗಾದಲ್ಲಿ ಕೊಬ್ಬು ಮತ್ತು ಪ್ರೋಟೀನು ಇರುತ್ತದೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ಯ ಕರುಳಿಗೆ ಇಳಿಯುವುದು ನಿಧಾನ, ರಕ್ತಕ್ಕೆ ಸೇರುವುದೂ ನಿಧಾನ. ಎಣ್ಣೆಸ್ನಾನದಲ್ಲಿ ಆ ಕೊಬ್ಬನ್ನು ಪೂರ್ತಿ ತೆಗೆದುಬಿಡುತ್ತಾರೆ. ಉಳಿಯುವುದು ವಾಸನೆ. ಅದು ಮೂಗನ್ನು ಮೆಚ್ಚಿಸುತ್ತದೆ, ಒರಟು ವಿಸ್ಕಿಯನ್ನು ನಯಗೊಳಿಸುತ್ತದೆ, ಇನ್ನೊಂದು ಗುಟುಕಿಗೆ ಕರೆಯುತ್ತದೆ. ಹೊಟ್ಟೆಗೆ ಯಾವ ಆಸರೆಯನ್ನೂ ಕೊಡುವುದಿಲ್ಲ. ಹಾಗಾಗಿ ಲೋಟದಲ್ಲಿ ಶೇಂಗಾ ಘಮವಿದ್ದರೂ ಮೇಜಿನ ತಟ್ಟೆಗೆ ರಜೆ ಕೊಡುವಂತಿಲ್ಲ. ಉಪ್ಪು ಮಾತ್ರ ಕಡಿಮೆಯಿರಲಿ.

ಬೆಳೆದವನ ಲೆಕ್ಕದಲ್ಲೂ ಇದೇ ನ್ಯಾಯ. ದೊಡ್ಡ ಬಾರಿನಲ್ಲಿ ಒಂದು ಲೋಟಕ್ಕೆ ಕೊಡುವ ಹಣದಲ್ಲಿ ಆ ಬಾಟಲಿಗೆ ಹಾಕಿದ ಶೇಂಗಾ ಎಣ್ಣೆಯ ಪಾಲು ತೀರಾ ಅಲ್ಪ. ಮಳೆ ಕೈಕೊಟ್ಟ ವರ್ಷ ಜಗಳೂರಿನ ರೈತನಿಗೆ ಈ ಹೊಸ ರುಚಿಯಿಂದ ಯಾವ ಉಪಕಾರವೂ ಇಲ್ಲ. ಅವನ ಚೀಲಗಳನ್ನು ಈಗಲೂ ಕೊಳ್ಳುತ್ತಿರುವುದು ಗಾಣದವನು, ಹೋಳಿಗೆಗೆ ಹೂರಣ ಕುಟ್ಟುವ ಮನೆಯವರು, ಚಟ್ನಿಪುಡಿ ಮಾಡುವ ಹೆಂಗಸರು, ಆನೆಕೊಂಡದ ಬೀದಿಬದಿಯಲ್ಲಿ ಒಗ್ಗರಣೆ ಮಂಡಕ್ಕಿಗೆ ಒಂದು ಹಿಡಿ ಶೇಂಗಾ ಉದುರಿಸುವ ಗಾಡಿಯವನು. ಅಲ್ಲಿ ಶೇಂಗಾವನ್ನು ಸೋಸಿ ಎಸೆಯುವುದಿಲ್ಲ, ಪೂರ್ತಿ ತಿನ್ನುತ್ತಾರೆ.